ಬುಟ್ಟಿಯೊಳಗಿನ ಪೊರೆ

ಸುರಪುರ ಸೀಮೆಯ ತಿಂಥಣಿಯ ಬಳಿ ಕೃಷ್ಣೆಯ ದಂಡೆಗೆ ಹೋದಾಗಲೆಲ್ಲ ನನ್ನ ಕಣ್ಣು ಮೊದಲು ಅರಸುವುದು ಹರಿಗೋಲನ್ನು. ಬಿದಿರಿನ ಹೆಣಿಗೆಗೆ ಹಿಂದೆ ತೊಗಲು ಹೊದಿಸುತ್ತಿದ್ದರು. ಬರಿಯ ಬುಟ್ಟಿ ನೀರನ್ನು ತಡೆಯದು, ಬರಿಯ ತೊಗಲು ಭಾರವನ್ನು ಹೊರದು. ನಮ್ಮ ಜೀವಕೋಶಗಳಲ್ಲಿಯೂ ಇಂಥ ಹರಿಗೋಲುಗಳಿವೆ ಎಂದರೆ ಕೇಳುಗರು ನಗಬಹುದು. ಅವನ್ನು ಕಂಡುಕೊಂಡ ಬಗೆ ಮಾತ್ರ ಸ್ವಾರಸ್ಯವಾದುದು.

1964ರಲ್ಲಿ ಅಮೆರಿಕದ ರಾತ್ ಮತ್ತು ಪೋರ್ಟರ್ ಸೊಳ್ಳೆಯ ಅಂಡವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಹೆಣ್ಣು ಸೊಳ್ಳೆ ರಕ್ತ ಹೀರಿದ ಮೇಲೆ ಅಂಡದ ಹೊರಪೊರೆಯಲ್ಲಿ ಗುಳಿಗಳು ಹೆಚ್ಚುತ್ತಿದ್ದವು. ಅವು ಕಿರುಚೀಲಗಳಾಗಿ ಕಳಚಿಕೊಂಡು ಮೊಟ್ಟೆಗೆ ಬೇಕಾದ ಪ್ರೋಟೀನನ್ನು ಒಳಕ್ಕೆ ಒಯ್ಯುತ್ತಿದ್ದವು. ಚೀಲಗಳ ಮೈಮೇಲೆ ಮುಳ್ಳುಮುಳ್ಳಾದ ಕವಚ. 1969ರಲ್ಲಿ ಜಪಾನಿನ ಕನಸೇಕಿ ಮತ್ತು ಕಡೋಟ ಅದನ್ನು ಬುಟ್ಟಿಯೆಂದೇ ಕರೆದರು. ಕೇಂಬ್ರಿಜ್ಜಿನ ಬಾರ್ಬರಾ ಪಿಯರ್ಸ್ ಹಂದಿಯ ಮೆದುಳಿನಿಂದ ಆ ಚೀಲಗಳನ್ನು ಶುದ್ಧವಾಗಿ ಬೇರ್ಪಡಿಸಿ, 1976ರಲ್ಲಿ ಕವಚದ ಪ್ರೋಟೀನಿಗೆ ‘ಕ್ಲ್ಯಾಥ್ರಿನ್’ ಎಂದು ಹೆಸರಿಟ್ಟರು. ಹೆಸರಿನ ಮೂಲ ಜಾಲಂದ್ರವನ್ನು ಸೂಚಿಸುವ ಲ್ಯಾಟಿನ್ ಪದ. ನಮ್ಮ ಹರಿಗೋಲಿಗೆ ತೊಗಲು ಹೊರಗೆ. ಇಲ್ಲಿ ಬುಟ್ಟಿ ಹೊರಗೆ, ಪೊರೆ ಒಳಗೆ. ಅಷ್ಟೇ ವ್ಯತ್ಯಾಸ.

ಇಷ್ಟರಲ್ಲಿ, 1972ರಲ್ಲಿ, ಸಿಂಗರ್ ಮತ್ತು ನಿಕೋಲ್ಸನ್ ಜೀವಕೋಶದ ಪೊರೆ ದ್ರವದಂತಹುದು, ಅದರ ಕಣಗಳು ಅತ್ತಿತ್ತ ಸರಿದಾಡುತ್ತಿರುತ್ತವೆ ಎಂದು ಪ್ರತಿಪಾದಿಸಿದ್ದರು. ಹಾಗಾದರೆ ಹರಿಯುವ ವಸ್ತು ಇಷ್ಟು ಕಿರಿದಾಗಿ, ಇಷ್ಟು ದುಂಡಗೆ ನಿಲ್ಲುವುದು ಹೇಗೆ? ನನ್ನನ್ನು ಬಹುಕಾಲ ಕಾಡಿದ ಪ್ರಶ್ನೆಯಿದು. ಕವಚ ಬರಿಯ ಅಲಂಕಾರವಲ್ಲವೆಂಬುದಕ್ಕೆ 2006ರಲ್ಲಿ ಅಳತೆಯ ಸಾಕ್ಷಿ ದೊರೆಯಿತು. ಅಮೆರಿಕದ ವಿಜ್ಞಾನಿಗಳು ಅತಿಸೂಕ್ಷ್ಮ ಮೊನೆಯೊಂದರಿಂದ ಈ ಚೀಲಗಳನ್ನು ಒತ್ತಿ ನೋಡಿದಾಗ, ಬಾಗುವುದಕ್ಕೆ ಅವು ಒಡ್ಡುವ ಪ್ರತಿರೋಧವು ಬರಿಯ ಬುಟ್ಟಿಯದಕ್ಕಿಂತಲೂ ಬರಿಯ ಪೊರೆಯದಕ್ಕಿಂತಲೂ ಸುಮಾರು 20 ಪಟ್ಟು ಹೆಚ್ಚಾಗಿತ್ತು! ಇದನ್ನು ಪೊರೆ ಹೆಪ್ಪುಗಟ್ಟಿತೆಂದು ತಿಳಿಯಲಾಗದು. ಹರಿಯುವ ಗುಣ ಬೇರೆ, ಬಾಗುವ ಗುಣ ಬೇರೆ. ಪುಸ್ತಕಗಳು ಇವೆರಡನ್ನೂ ಆಗಾಗ ಕಲಸಿಬಿಡುತ್ತವೆ.

ಬುಟ್ಟಿ ಕೊನೆಯವರೆಗೂ ಉಳಿಯುವುದಿಲ್ಲ. ಚೀಲವು ಮತ್ತೊಂದು ಪೊರೆಯೊಡನೆ ಬೆರೆಯುವ ಮುನ್ನ ಅದನ್ನು ಕಳಚಬೇಕು. ಆ ಕೆಲಸಕ್ಕೂ ಕೋಶ ಶಕ್ತಿ ವ್ಯಯಿಸುತ್ತದೆ.

ನಮ್ಮ ನಾಡಿನಿಂದಲೂ ಈ ಕಥೆಗೆ ಒಂದು ತಿರುವು ಬಂದಿತು. ಕ್ಲ್ಯಾಥ್ರಿನ್ ಬುಟ್ಟಿಯಿಲ್ಲದೆಯೇ ಕೆಲವು ಪ್ರೋಟೀನುಗಳು ಕೋಶದೊಳಗೆ ಸಾಗುವ ಬೇರೊಂದು ದಾರಿಯನ್ನು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸತ್ಯಜಿತ್ ಮೇಯರ್ ಮತ್ತು ಸಂಗಡಿಗರು 2002ರಲ್ಲಿ ತೋರಿಸಿಕೊಟ್ಟರು. ಆ ದಾರಿಯಲ್ಲಿ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳಿಗೂ ಪಾತ್ರವಿದೆಯೆಂಬುದನ್ನು ಅದೇ ಪ್ರಯೋಗಾಲಯ 2018ರಲ್ಲಿ ವಿವರಿಸಿತು.