ಆಟದ ಕಾಯಿಗಳ ಗುರುತು

ಮಣೆಯಾಟಗಳಲ್ಲಿ ಒಂದು ಕಾಯಿ ಯಾರದು, ಅದರ ನಡೆ ಏನು, ಸದ್ಯ ಅದು ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಕಂಡೊಡನೆ ತಿಳಿಸುವ ಆಕಾರ, ಬಣ್ಣ, ಅಕ್ಷರ ಅಥವಾ ಚಿತ್ರ. ರಟ್ಟು, ಗುಂಡಿ, ಬಾಟಲಿ ಮುಚ್ಚಳಗಳಿಂದ ಮನೆಯಲ್ಲೇ ಕಾಯಿ ಮಾಡಿಕೊಳ್ಳುವವರು ಸಾಮಾನ್ಯವಾಗಿ ಮೊದಲು ಅಕ್ಷರ ಬರೆಯಲು ಹೊರಡುತ್ತಾರೆ. ಅಕ್ಷರ ಕೊನೆಯ ಉಪಾಯವಾಗಿರುವುದು ಲೇಸು.

ಎಲ್ಲ ಆಟಗಳಿಗೂ ಈ ಮೂರೂ ಮಾಹಿತಿ ಬೇಕಿಲ್ಲ. ಚೌಕಾಬಾರದಲ್ಲಿ ಕಾಯಿಗಳ ನಡೆಯೆಲ್ಲ ಒಂದೇ. ಯಾರ ಕಾಯಿ ಎಂದು ಗೊತ್ತಾದರೆ ಸಾಕು. ಒಬ್ಬರು ಬಳೆಚೂರು, ಒಬ್ಬರು ಗುಂಡಿ, ಇನ್ನೊಬ್ಬರು ಬೆಣಚುಕಲ್ಲು ಹೂಡಿದರೆ ವಸ್ತುವೇ ಗುರುತಾಗುತ್ತದೆ. ಹಣ್ಣಾದ ಕಾಯಿ ನಡುಮನೆ ಸೇರುವುದರಿಂದ ಅದಕ್ಕೂ ಬೇರೆ ಗುರುತು ಬೇಡ. ಕವಡೆ ಸಿಗದಿದ್ದಾಗ ಹುಣಸೆಬೀಜದ ಒಂದು ಬದಿಯನ್ನು ಕಲ್ಲಿಗೆ ತೇಯ್ದು ಬೆಳ್ಳಗೆ ಮಾಡಿಕೊಳ್ಳುವ ರೂಢಿಯಲ್ಲೂ ಇದೇ ಜಾಣತನವಿದೆ: ಮುಸ್ಸಂಜೆಯ ಜಗಲಿಯಲ್ಲೂ ಬಿದ್ದ ಗರದ ಬಗ್ಗೆ ಜಗಳವಿಲ್ಲ.

ಚದುರಂಗದಲ್ಲಿ ತೊಡಕು ಶುರುವಾಗುತ್ತದೆ. ಇಲ್ಲಿ ಆರು ಬಗೆಯ ಕಾಯಿಗಳು. ಬಿಲ್ಲೆಗಳ ಮೇಲೆ ಹೆಸರಿನ ಮೊದಲಕ್ಷರ ಬರೆದರೆ ಕುದುರೆಯ 'ಕು', ಕಾಲಾಳಿನ 'ಕಾ' ತೋಳಳತೆ ದೂರದಲ್ಲೇ ಕಲಸಿಹೋಗುತ್ತವೆ; ಎದುರು ಕುಳಿತವರಿಗಂತೂ ಎಲ್ಲವೂ ತಲೆಕೆಳಗು. ಚಿಕ್ಕ ಬಿಲ್ಲೆಯ ಮೇಲೆ ದ–ಧ, ಪ–ಷ ಜೋಡಿಗಳನ್ನೂ ಬಳಸಬಾರದು, ಒಂದು ಸಣ್ಣ ಗೀಟಷ್ಟೇ ಅವುಗಳ ವ್ಯತ್ಯಾಸ. ಅಂಕಿ ಬರೆಯುವವರು 6 ಮತ್ತು 9ರ ಕೆಳಗೆ ಗೆರೆ ಎಳೆಯುವುದುಂಟು. ಕನ್ನಡದ ೬, ೯ ತಿರುಗಿಸದೆಯೇ ಒಂದನ್ನೊಂದು ಹೋಲುತ್ತವೆ. ಸುಲಭದ ದಾರಿಯೆಂದರೆ ಕಾಲಾಳುಗಳನ್ನು ಖಾಲಿ ಬಿಡುವುದು. 32 ಕಾಯಿಗಳಲ್ಲಿ 16 ಹೀಗೆ ಬರಿದಾದರೆ ಉಳಿದವು ತಾವಾಗಿಯೇ ಎದ್ದು ಕಾಣುತ್ತವೆ. 1849ರಲ್ಲಿ ಇಂಗ್ಲೆಂಡಿನಲ್ಲಿ ಮಾರುಕಟ್ಟೆಗೆ ಬಂದ ಸ್ಟಾಂಟನ್ ಮಾದರಿಯ ಕಾಯಿಗಳು ಜಗತ್ತಿನ ಪಂದ್ಯಗಳಲ್ಲೆಲ್ಲ ನೆಲೆಯೂರಲು ಒಂದು ಕಾರಣ, ಅವುಗಳಲ್ಲಿ ಓದುವಂಥದ್ದು ಏನೂ ಇಲ್ಲದಿರುವುದು. ಯಾವ ದಿಕ್ಕಿನಿಂದ ನೋಡಿದರೂ ಹೊರರೇಖೆಯಿಂದಲೇ ಕಾಯಿ ತಿಳಿಯುತ್ತದೆ.

ಜಪಾನಿನ ಶೋಗಿ ಅಕ್ಷರಗಳನ್ನು ಬಳಸಿಯೂ ಗೆದ್ದಿದೆ. ಅಲ್ಲಿ ಹೊಡೆದ ಕಾಯಿಯನ್ನು ಹೊಡೆದವರೇ ತಮ್ಮದಾಗಿ ಮತ್ತೆ ಹೂಡಬಹುದು, ಹಾಗಾಗಿ ಎರಡು ಬಣ್ಣಗಳ ಲೆಕ್ಕ ನಡೆಯದು. ನಲವತ್ತೂ ಕಾಯಿಗಳು ಒಂದೇ ಬಣ್ಣದ ಐದು ಮೂಲೆಯ ಮರದ ತುಂಡುಗಳು. ಚೂಪು ತುದಿ ಯಾರತ್ತ ಇದೆಯೋ ಅವರ ಎದುರಾಳಿಯದು ಆ ಕಾಯಿ. ಬಡ್ತಿ ಪಡೆದ ಕಾಯಿಯನ್ನು ಮಗುಚಿಟ್ಟರಾಯಿತು, ಹಿಂಬದಿಯಲ್ಲಿ ಹೊಸ ಹೆಸರು, ಹಲವು ಸೆಟ್ಟುಗಳಲ್ಲಿ ಕೆಂಪಿನಲ್ಲಿ. ಒಡೆತನಕ್ಕೆ ದಿಕ್ಕು, ನಡೆಗೆ ಅಕ್ಷರ, ಸ್ಥಿತಿಗೆ ಮಗ್ಗುಲು. ಒಂದರ ಕೆಲಸದಲ್ಲಿ ಇನ್ನೊಂದು ಕೈಹಾಕುವುದಿಲ್ಲ. ರಟ್ಟಿನಲ್ಲಿ ಕತ್ತರಿಸಿ ಮಾಡಲು ಇದಕ್ಕಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ.

ಬಣ್ಣವೊಂದನ್ನೇ ನಂಬುವುದು ಅಪಾಯ. ಕೆಂಪು–ಹಸಿರು ಬೇರ್ಪಡಿಸಿ ಕಾಣಲಾಗದವರು ಗಂಡಸರಲ್ಲಿ ಹೆಚ್ಚು. ಮನೆಯ ಬಲ್ಬಿನ ಹಳದಿ ಬೆಳಕಿನಲ್ಲಿ ಉಳಿದವರಿಗೂ ನೀಲಿ, ಕಪ್ಪು ಒಂದಾಗುತ್ತವೆ. ಕಾಯಿಗಳನ್ನು ಮೊಬೈಲಿನಲ್ಲಿ ಕಪ್ಪು-ಬಿಳುಪು ಚಿತ್ರವಾಗಿ ತೆಗೆದು ನೋಡಿದಾಗಲೂ ಎರಡು ಪಕ್ಷಗಳು ಬೇರೆಯಾಗಿ ಕಂಡರೆ ಬಣ್ಣದ ಆಯ್ಕೆ ಸರಿ. ಅಂಧರ ಚದುರಂಗದಲ್ಲಿ ಕಪ್ಪು ಮನೆಗಳನ್ನು ಎತ್ತರಿಸಿ, ಒಂದು ಪಕ್ಷದ ಕಾಯಿಗಳ ನೆತ್ತಿಗೆ ಮೊಳೆಯಂಥ ಗುರುತು ಇಟ್ಟಿರುತ್ತಾರೆ. ಗೋ ಆಟದ ಸಾಂಪ್ರದಾಯಿಕ ಕಲ್ಲುಗಳಲ್ಲಿ ಕಪ್ಪು 22.2 ಮಿ.ಮೀ., ಬಿಳಿ 21.9 ಮಿ.ಮೀ.; ಬಿಳಿ ಕಣ್ಣಿಗೆ ತುಸು ದೊಡ್ಡದಾಗಿ ಕಾಣುವುದರಿಂದ ಈ ಸರಿದೂಗಿಸುವಿಕೆ.

ಪ್ಲಾಸ್ಟಿಕ್ ಮುಚ್ಚಳದ ಮೇಲಿನ ಸ್ಕೆಚ್‌ಪೆನ್ನಿನ ಬರಹ ಬೆವರಿನ ಬೆರಳಿಗೆ ಅಳಿಸಿಹೋಗುತ್ತದೆ. ಮರದ ಮೇಲೆ ಗೀರಿ ಮಸಿ ತುಂಬಿದ ಗುರುತು ಬಾಳುತ್ತದೆ. ಎದುರಾಳಿಗೆ ಮುಖ ಕಾಣದಂತೆ ಇಡುವ ಕಾಯಿಗಳಾದರೆ ಹಿಂಬದಿಯ ಮೇಲೂ ನಿಗಾ ಬೇಕು: ಮಡಚಿದ ಮೂಲೆ, ಅಂಟಿನ ಕಲೆ, ರಟ್ಟಿನಾಚೆಗೆ ಸೋರಿದ ಶಾಯಿ ಇವೂ ಗುರುತುಗಳೇ. ಎರಡು ಆಟ ಮುಗಿಯುವಷ್ಟರಲ್ಲಿ ಮಕ್ಕಳು ಅವನ್ನು ಬಾಯಿಪಾಠ ಮಾಡಿರುತ್ತಾರೆ.