ಎಲುಬು ಸವೆತ: ಕೊಪ್ಪಳದ ಮನೆಗಳಿಗೆ ಫೋನಿನಲ್ಲಿ ಎಂಥ ಮಾಹಿತಿ ಬರಬೇಕು?

‘ಹದಿನೈದು ದಿನ ಎಳ್ಳು-ಬೆಲ್ಲ ತಿನ್ನಿ, ಎಲುಬು ಕಬ್ಬಿಣದಂತಾಗುತ್ತದೆ.’ ‘ಬಿಸಿಲು ನಾಡಿನವರಿಗೆ ವಿಟಮಿನ್ ಡಿ ಕೊರತೆ ಬರುವುದೇ ಇಲ್ಲ.’ ಇಂಥ ಸಂದೇಶಗಳು ಮನೆಯ ವಾಟ್ಸಾಪ್ ಗ್ರೂಪಿಗೆ ಬರುತ್ತಲೇ ಇರುತ್ತವೆ. ಕಳಿಸುವವರ ಉದ್ದೇಶ ಒಳ್ಳೆಯದೇ. ಆದರೆ ಎಲುಬು ಸವೆತ ವರ್ಷಗಟ್ಟಲೆ ಮನೆಯಲ್ಲೇ ನಿಭಾಯಿಸಬೇಕಾದ ಕಾಯಿಲೆ. ಅಂಥವರಿಗೆ ನಿಜವಾಗಿ ನೆರವಾಗುವ ಮಾಹಿತಿಯಲ್ಲಿ ಏನೇನಿರಬೇಕು? ಕೊಪ್ಪಳ ಜಿಲ್ಲೆಯನ್ನು ಉದಾಹರಣೆಯಾಗಿಟ್ಟುಕೊಂಡು ನೋಡೋಣ.

ಮೊದಲು ಹೆಸರಿನ ಗೊಂದಲ ತೀರಬೇಕು

‘ಎಲುಬು ಸವೆತ’ ಎಂದು ನಾವು ಎರಡು ಬೇರೆ ಕಾಯಿಲೆಗಳನ್ನು ಕರೆಯುತ್ತೇವೆ. ಮೊಣಕಾಲಿನ ಕೀಲು ಸವೆದು ನೋವು ಬರುವುದು ಆಸ್ಟಿಯೊಆರ್ಥ್ರೈಟಿಸ್. ಎಲುಬಿನ ಒಳಗಿನ ಸಾಂದ್ರತೆ ಕಡಿಮೆಯಾಗಿ ಅದು ಟೊಳ್ಳಾಗುವುದು ಆಸ್ಟಿಯೊಪೊರೋಸಿಸ್. ಎರಡನೆಯದರಲ್ಲಿ ಎಲುಬು ಮುರಿಯುವವರೆಗೂ ಸಾಮಾನ್ಯವಾಗಿ ನೋವೇ ಇರುವುದಿಲ್ಲ. ಮುಟ್ಟು ನಿಂತ ಮಹಿಳೆಯರಲ್ಲಿ ಇದು ಹೆಚ್ಚು. ಮಣಿಕಟ್ಟು, ಸೊಂಟ ಮತ್ತು ಬೆನ್ನಿನ ಎಲುಬುಗಳು ಮೊದಲು ಪೆಟ್ಟು ತಿನ್ನುತ್ತವೆ.

ಇದನ್ನು ಖಚಿತಪಡಿಸಲು ಸೊಂಟ ಮತ್ತು ಬೆನ್ನಿನ ಡೆಕ್ಸಾ ಸ್ಕ್ಯಾನ್ ಬೇಕು. ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್ ಎನ್ನುತ್ತಾರೆ. ಉಚಿತ ಶಿಬಿರಗಳಲ್ಲಿ ಹಿಮ್ಮಡಿಗೆ ಯಂತ್ರ ಹಿಡಿದು ಹೇಳುವ ಅಂಕಿ ಒಂದು ಸೂಚನೆ ಮಾತ್ರ. ಅದನ್ನೇ ನಂಬಿ ಔಷಧಿ ಶುರು ಮಾಡಬಾರದು.

ನೀರಿನ ಪ್ರಶ್ನೆ ಕೇಳದ ಮಾಹಿತಿ ಇಲ್ಲಿ ಅರ್ಧ ಮಾಹಿತಿ

ಯಲಬುರ್ಗಾ, ಕುಷ್ಟಗಿ ತಾಲ್ಲೂಕುಗಳ ಅನೇಕ ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಭಾರತೀಯ ಮಾನಕದ ಪ್ರಕಾರ ಲೀಟರ್ ಕುಡಿಯುವ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಸಿಗದಿದ್ದರೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ಅದಕ್ಕಿಂತ ಬಹಳ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಬೆನ್ನು, ಕುತ್ತಿಗೆ, ಕೀಲುಗಳು ಬಿಗಿಯಾಗುತ್ತವೆ. ಇದು ಎಲುಬಿನ ಫ್ಲೋರೋಸಿಸ್.

ಫ್ಲೋರೋಸಿಸ್ ಇದ್ದವರ ಡೆಕ್ಸಾ ಸ್ಕ್ಯಾನಿನಲ್ಲಿ ಎಲುಬಿನ ಸಾಂದ್ರತೆ ಹೆಚ್ಚಾಗಿಯೇ ಕಾಣಬಹುದು. ಆದರೆ ಆ ಎಲುಬಿನ ಗುಣಮಟ್ಟ ಕೆಟ್ಟಿರುತ್ತದೆ. ಹೀಗಾಗಿ ‘ರಿಪೋರ್ಟ್ ಚೆನ್ನಾಗಿದೆ’ ಎಂದು ಸುಮ್ಮನಾಗುವಂತಿಲ್ಲ.

ಮುರಿತದ ಅಪಾಯ ಅಂದಾಜು ಮಾಡುವ ಫ್ರಾಕ್ಸ್ ಎಂಬ ಆನ್‌ಲೈನ್ ಲೆಕ್ಕಾಚಾರವನ್ನು ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯ 2008ರಲ್ಲಿ ಹೊರತಂದಿತು. ಅದರಲ್ಲಿ ಭಾರತೀಯರಿಗೆ ಹೊಂದುವ ಆವೃತ್ತಿಯೂ ಇದೆ. ವಯಸ್ಸು, ತೂಕ, ಹಿಂದಿನ ಮುರಿತ, ತಂದೆ-ತಾಯಿಯ ಸೊಂಟ ಮುರಿದಿತ್ತೇ, ಧೂಮಪಾನ, ಸ್ಟೀರಾಯ್ಡ್ ಬಳಕೆ ಎಲ್ಲವನ್ನೂ ಅದು ಕೇಳುತ್ತದೆ. ಯಾವ ನೀರು ಕುಡಿಯುತ್ತೀರಿ ಎಂದು ಕೇಳುವುದಿಲ್ಲ. ಆದ್ದರಿಂದ ಕೊಪ್ಪಳದವರಿಗೆಂದು ಮಾಡುವ ಯಾವುದೇ ಮಾಹಿತಿ ಇದನ್ನು ಮೊದಲೇ ಹೇಳಬೇಕು: ನಿಮ್ಮೂರ ಬೋರ್‌ವೆಲ್ ನೀರಿನ ಪರೀಕ್ಷೆ ಆಗಿದೆಯೇ ಎಂದು ಗ್ರಾಮ ಪಂಚಾಯತಿಯಲ್ಲಿ ವಿಚಾರಿಸಿ, ಅದನ್ನು ವೈದ್ಯರಿಗೂ ತಿಳಿಸಿ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಎಂಬುದೂ ಅದರಲ್ಲಿರಬೇಕು.

ಊಟದ ಸಲಹೆ ನಮ್ಮ ತಾಟಿಗೆ ಹೊಂದಬೇಕು

‘ದಿನಾ ರಾಗಿ ಮುದ್ದೆ ತಿನ್ನಿ’ ಎಂಬ ಸಲಹೆ ತಪ್ಪಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ಇಲ್ಲಿನ ಊಟ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ. ಗಂಗಾವತಿ ಕಡೆ ಅನ್ನ. 100 ಗ್ರಾಂ ಜೋಳದಲ್ಲಿ ಸಿಗುವುದು 30 ಮಿಲಿಗ್ರಾಂಗೂ ಕಡಿಮೆ, ಅಕ್ಕಿಯಲ್ಲಿ ಅದಕ್ಕಿಂತಲೂ ಕಡಿಮೆ. ವಯಸ್ಕರಿಗೆ ದಿನಕ್ಕೆ 1000, ಮುಟ್ಟು ನಿಂತವರಿಗೆ 1200 ಮಿಲಿಗ್ರಾಂ ಬೇಕು ಎನ್ನುತ್ತದೆ 2020ರ ಐಸಿಎಂಆರ್ ಶಿಫಾರಸು.

ಹಾಗೆಂದು ರೊಟ್ಟಿ ಬಿಡಬೇಕಿಲ್ಲ. ಅದರ ಜೊತೆಗೇನಿದೆ ಎಂಬುದು ಮುಖ್ಯ. ಒಂದು ಲೋಟ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮೊಸರು, ನುಗ್ಗೆ ಸೊಪ್ಪಿನ ಪಲ್ಯ, ಎಳ್ಳಿನ ಹಿಂಡಿಯೂ ಒಳ್ಳೆಯವೇ. ಆದರೆ ಎಳ್ಳಿನ ಕ್ಯಾಲ್ಸಿಯಂ ಪೂರ್ತಿ ಮೈಗೆ ಹತ್ತುವುದಿಲ್ಲ, ಹದಿನೈದು ದಿನದಲ್ಲಿ ಎಲುಬು ಬದಲಾಗುವುದೂ ಇಲ್ಲ.

ಔಷಧಿಯ ಹೆಸರಿಗಿಂತ ತೆಗೆದುಕೊಳ್ಳುವ ಕ್ರಮ ಮುಖ್ಯ

ಒಳ್ಳೆಯ ಮಾಹಿತಿ ‘ಇದನ್ನು ಕೊಂಡುಕೊಳ್ಳಿ’ ಎನ್ನುವುದಿಲ್ಲ. ವೈದ್ಯರು ಬರೆದುಕೊಟ್ಟಿದ್ದನ್ನು ಸರಿಯಾಗಿ ತೆಗೆದುಕೊಳ್ಳಲು ನೆರವಾಗುತ್ತದೆ.

- ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್ ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಲೋಟದ ತುಂಬ ಬರೀ ನೀರಿನಲ್ಲಿ ತೆಗೆದುಕೊಳ್ಳಬೇಕು. ಅರ್ಧ ತಾಸು ಮಲಗಬಾರದು. ಚಹಾ, ಹಾಲು, ಕ್ಯಾಲ್ಸಿಯಂ ಮಾತ್ರೆ ಬೇಡ. ಇಲ್ಲವಾದರೆ ಅನ್ನನಾಳಕ್ಕೆ ಹುಣ್ಣಾಗಬಹುದು, ಔಷಧಿಯೂ ಮೈಗೆ ಹತ್ತುವುದಿಲ್ಲ.
- 60,000 ಯೂನಿಟ್‌ನ ವಿಟಮಿನ್ ಡಿ ಸಾಮಾನ್ಯವಾಗಿ ವಾರಕ್ಕೊಂದು, ಅದೂ ಕೆಲವೇ ವಾರ. ‘ವಿಟಮಿನ್ ತಾನೇ’ ಎಂದು ದಿನಾ ತೆಗೆದುಕೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಹಾನಿಯಾಗಬಹುದು. ಬಿಸಿಲು ನಾಡಿನಲ್ಲೂ ಇದರ ಕೊರತೆ ಬರುತ್ತದೆ ಎಂಬುದು ಮಾತ್ರ ನಿಜ.
- ಆರು ತಿಂಗಳಿಗೊಮ್ಮೆ ಕೊಡುವ ಡೆನೊಸುಮಾಬ್ ಇಂಜೆಕ್ಷನ್ನನ್ನು ವೈದ್ಯರಿಗೆ ಹೇಳದೆ ನಿಲ್ಲಿಸಿದರೆ ಬೆನ್ನೆಲುಬು ಮುರಿಯುವ ಅಪಾಯ ಹೆಚ್ಚುತ್ತದೆ.
- ಹೆಸರಿಲ್ಲದ ನೋವಿನ ಪುಡಿಗಳಿಂದ ದೂರವಿರಿ. ಕೆಲವದರಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಪತ್ತೆಯಾಗಿದೆ. ಬಹಳ ದಿನದ ಸ್ಟೀರಾಯ್ಡ್ ಎಲುಬನ್ನೇ ಟೊಳ್ಳು ಮಾಡುತ್ತದೆ.

ಚಲನೆ ಬೇಕು, ಬೀಳುವುದು ಬೇಡ

ನಡಿಗೆ, ಕುರ್ಚಿಯಿಂದ ಎದ್ದು ಕೂರುವುದು, ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವ ಅಭ್ಯಾಸ ಒಳ್ಳೆಯವು. ಬೆನ್ನೆಲುಬು ಈಗಾಗಲೇ ದುರ್ಬಲವಾಗಿದ್ದರೆ ಬಗ್ಗಿ ತುಂಬಿದ ಕೊಡ ಎತ್ತುವುದು, ಮುಂದಕ್ಕೆ ಪೂರ್ತಿ ಬಾಗುವ ಆಸನ ಬೇಡ. ಬಚ್ಚಲಿನ ಜಾರು ನೆಲ, ಎತ್ತರದ ಹೊಸ್ತಿಲು, ರಾತ್ರಿಯ ಕತ್ತಲೆ, ಸವೆದ ಚಪ್ಪಲಿ ಇವನ್ನು ಸರಿಪಡಿಸಲು ಹೆಚ್ಚು ಖರ್ಚಾಗುವುದಿಲ್ಲ. ಒಂದು ಬೀಳುವಿಕೆ ತಪ್ಪಿದರೆ ಒಂದು ಸೊಂಟ ಉಳಿಯಬಹುದು.

ಅವ್ವನಿಗೆ ತಲುಪಬೇಕಾದರೆ

ಈ ಕಾಯಿಲೆ ಇರುವ ಎಷ್ಟೋ ಹಿರಿಯರಿಗೆ ಸ್ವಂತ ಫೋನಿಲ್ಲ, ಇದ್ದರೂ ಓದಲು ಬಾರದು. ಮಾಹಿತಿ ತಲುಪುವುದು ಮಗನ, ಸೊಸೆಯ ಇಲ್ಲವೇ ಮೊಮ್ಮಗಳ ಫೋನಿಗೆ. ಆದ್ದರಿಂದ:

- ಒಂದು ಸಂದೇಶದಲ್ಲಿ ಒಂದೇ ವಿಷಯವಿರಲಿ. ಒಂದೆರಡು ನಿಮಿಷದ ಧ್ವನಿ ಸಂದೇಶ, ಅದೂ ಉತ್ತರ ಕರ್ನಾಟಕದ ಮಾತಿನಲ್ಲಿ.
- ಸಿಗ್ನಲ್ ಇಲ್ಲದಾಗಲೂ ತೆರೆಯುವ ಚಿತ್ರಪಟ.
- ಬರೆದವರು ಯಾರು, ಪರಿಶೀಲಿಸಿದ ವೈದ್ಯರು ಯಾರು, ಯಾವ ದಿನಾಂಕದ್ದು ಎಂಬ ವಿವರ. ಕೊನೆಯಲ್ಲಿ ಏನನ್ನೋ ಮಾರುತ್ತಿದ್ದರೆ ಅನುಮಾನಿಸಿ.
- ಪ್ರಕಟಿಸುವ ಮೊದಲು ನಾಲ್ಕಾರು ಹಿರಿಯರಿಗೆ ಕೇಳಿಸಿ, ‘ಏನು ತಿಳಿಯಿತು, ಹೇಳಿ ನೋಡೋಣ’ ಎನ್ನಬೇಕು. ಅವರು ಬೇರೆ ಅರ್ಥ ಮಾಡಿಕೊಂಡಿದ್ದರೆ ತಿದ್ದಬೇಕಾದ್ದು ಸಂದೇಶವನ್ನು.

ಫೋನ್ ಬದಿಗಿಟ್ಟು ಆಸ್ಪತ್ರೆಗೆ ಹೋಗಬೇಕಾದಾಗ

ಸಣ್ಣದಾಗಿ ಬಿದ್ದರೂ ಎಲುಬು ಮುರಿದರೆ, ಇದ್ದಕ್ಕಿದ್ದಂತೆ ಬೆನ್ನು ವಿಪರೀತ ನೋಯತೊಡಗಿದರೆ, ಎತ್ತರ ಕುಗ್ಗಿ ಗೂನು ಬರುತ್ತಿದ್ದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ ತಡಮಾಡಬೇಡಿ. ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಅಥವಾ ಕೊಪ್ಪಳದ ಜಿಲ್ಲಾ ಆಸ್ಪತ್ರೆಗೆ ತೋರಿಸಿ. ತುರ್ತಲ್ಲದ ಪ್ರಶ್ನೆಗಳಿಗೆ ಸರ್ಕಾರದ ಉಚಿತ ಇ-ಸಂಜೀವನಿ ಸೇವೆಯಲ್ಲಿ ಫೋನಿನಲ್ಲೇ ವೈದ್ಯರನ್ನು ಕೇಳಬಹುದು.

ಈ ಲೇಖನವನ್ನು ಹಂಚಿಕೊಳ್ಳುವುದಾದರೆ ಲಿಂಕ್ ಕಳಿಸಿ ಬಿಟ್ಟುಬಿಡಬೇಡಿ. ಮನೆಯ ಹಿರಿಯರ ಪಕ್ಕ ಕುಳಿತು ಮಾತ್ರೆಯ ಭಾಗವನ್ನೊಮ್ಮೆ ಓದಿ ಹೇಳಿ. ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ದೀಪ ಇದೆಯೇ ಎಂದೂ ನೋಡಿ.