ಸೇನಾ ವಿಮಾನಗಳ ಗುರುತಿಸುವಿಕೆ

ಆಕಾಶದಲ್ಲಿ ಹಾದುಹೋಗುವ ಸೈನಿಕ ವಿಮಾನವನ್ನು ನೆಲದ ಮೇಲೆ ನಿಂತು ನೋಡಿ, ಅದರ ಆಕೃತಿ, ಗತಿ, ಧ್ವನಿ ಮತ್ತು ಲಾಂಛನಗಳ ಆಧಾರದಿಂದ ಅದು ಇಂಥದೇ ಎಂದು ನಿರ್ಣಯಿಸುವ ವಿದ್ಯೆ. ಯುದ್ಧಕಾಲದ ಅಗತ್ಯದಿಂದ ಹುಟ್ಟಿ ಶಾಂತಿಕಾಲದಲ್ಲಿ ಹವ್ಯಾಸವಾಗಿ ಬೆಳೆದ ಈ ವಿದ್ಯೆಗೆ ಕರ್ನಾಟಕದಲ್ಲಿ ವಿಶೇಷವಾದ ಅವಕಾಶವುಂಟು. ಏಕೆಂದರೆ ಸೇನಾ ವಿಮಾನಗಳನ್ನು ನಿರ್ಮಿಸುವ, ಪರೀಕ್ಷಿಸುವ ಮತ್ತು ಅವುಗಳನ್ನು ನಡೆಸಲು ಕಲಿಸುವ ಕಾರ್ಯಗಳು ಮೂರೂ ಈ ರಾಜ್ಯದಲ್ಲಿಯೇ ನಡೆಯುತ್ತವೆ.

ಬ್ರಿಟನ್ನಿನಲ್ಲಿ 1925ರಲ್ಲಿ ಸ್ಥಾಪಿತವಾಗಿ 1941ರಲ್ಲಿ ರಾಜಮನ್ನಣೆ ಪಡೆದ ವೀಕ್ಷಕ ದಳವು, ವಿಮಾನಗಳ ಕಪ್ಪು ಛಾಯಾಕೃತಿಗಳನ್ನು ಮುದ್ರಿಸಿ ಅಭ್ಯಾಸ ಮಾಡಿಸುವ ಪದ್ಧತಿಯನ್ನು ರೂಢಿಗೆ ತಂದಿತು. ಗುರುತು ತಪ್ಪಿದರೆ ಒದಗುವ ಅನರ್ಥಕ್ಕೆ ದೃಷ್ಟಾಂತವೂ ಅಲ್ಲಿಯೇ ದೊರೆಯಿತು: ಎರಡನೆಯ ಮಹಾಯುದ್ಧ ಘೋಷಿತವಾದ ಮೂರು ದಿನಗಳಲ್ಲಿ, 1939ರ ಸೆಪ್ಟೆಂಬರ್ 6ರಂದು, ಬ್ರಿಟನ್ನಿನ ಸ್ಪಿಟ್‌ಫೈರ್‌ಗಳು ತಮ್ಮವೇ ಆದ ಎರಡು ಹರಿಕೇನ್‌ಗಳನ್ನು ಶತ್ರುವಿನವೆಂದು ಭ್ರಮಿಸಿ ಹೊಡೆದುರುಳಿಸಿದವು, ತರುಣ ವೈಮಾನಿಕನೊಬ್ಬನು ಪ್ರಾಣ ತೆತ್ತನು. 1944ರ ನಾರ್ಮಂಡಿ ದಾಳಿಯ ವೇಳೆಗೆ ಮಿತ್ರಪಕ್ಷದ ವಿಮಾನಗಳ ರೆಕ್ಕೆಗೂ ಒಡಲಿಗೂ ಕಪ್ಪುಬಿಳಿ ಪಟ್ಟೆಗಳನ್ನು ಬಳಿದದ್ದು ಇಂಥ ಪ್ರಮಾದಗಳ ಭಯದಿಂದಲೇ.

ಕರ್ನಾಟಕದ ಮಟ್ಟಿಗೆ ಈ ಕಥೆಯ ಆರಂಭವನ್ನು 1940ರಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಾಯದಿಂದ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಿಂದ ಎಣಿಸಬೇಕು. ಮಾರುತ್ ವಿಮಾನ 1961ರಲ್ಲಿ, ಕಿರಣ್ 1964ರಲ್ಲಿ, ತೇಜಸ್ 2001ರಲ್ಲಿ ಮೊದಲ ಬಾರಿಗೆ ಹಾರಿದ್ದು ಬೆಂಗಳೂರಿನ ಆಕಾಶದಲ್ಲಿಯೇ. ಯಲಹಂಕದ ವಾಯುನೆಲೆಯಲ್ಲಿ ಸಾಗಣೆ ವಿಮಾನಗಳ ಶಿಕ್ಷಣ ನಡೆಯುತ್ತದೆ. 1996ರಿಂದ ಎರಡು ವರ್ಷಗಳಿಗೊಮ್ಮೆ ವೈಮಾನಿಕ ಪ್ರದರ್ಶನವೂ ಅಲ್ಲಿಯೇ. ಬೀದರಿನಲ್ಲಿ ಯುದ್ಧವಿಮಾನ ನಡೆಸಲಿರುವ ತರುಣರ ಶಿಕ್ಷಣ. ಈ ನೆಲೆಗಳಿಂದ ದೂರವಿದ್ದರೂ ವಿಮಾನ ನೋಡಲು ಅನುಕೂಲವಾದ ತಾಣಕ್ಕೆ ಸಿಂಧನೂರು ಸೀಮೆಯ ಆರ್.ಎಚ್. ಕ್ಯಾಂಪು ಒಂದು ನಿದರ್ಶನ; ಅದು ಆಕಾಶಮಾರ್ಗದ ಅಳತೆಯಲ್ಲಿ ಬೀದರಿಗೆ ಸುಮಾರು 250, ಯಲಹಂಕಕ್ಕೆ ಸುಮಾರು 300 ಕಿಲೋಮೀಟರು ದೂರದಲ್ಲಿದೆ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೆ ಪುನರ್ವಸತಿಯಾಗಿ ಏರ್ಪಟ್ಟ ಈ ನೆಲೆಯ ಸುತ್ತ, ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಬತ್ತದ ಬಯಲು ದಿಗಂತದವರೆಗೆ ಹಬ್ಬಿರುವುದರಿಂದ, ಮಹಡಿಗಳ ನಡುವೆ ತುಂಡು ಆಕಾಶವನ್ನಷ್ಟೇ ಕಾಣುವ ನಗರವಾಸಿಗೆ ದೊರೆಯದ ದೀರ್ಘದರ್ಶನ ಇಲ್ಲಿಯ ನೋಡುಗನಿಗೆ ದೊರೆಯುತ್ತದೆ.

ನೋಡುವ ಕ್ರಮದಲ್ಲಿ ರೆಕ್ಕೆ, ಇಂಜಿನ್, ಒಡಲು, ಬಾಲ ಎಂಬ ಅನುಕ್ರಮವೇ ಶ್ರೇಷ್ಠವಾದದ್ದು. ಬಣ್ಣವನ್ನು ನಂಬಲಾಗದು, ಸೂರ್ಯನಿಗೆ ಅಡ್ಡ ಬಂದ ಯಾವ ವಿಮಾನವೂ ಕಪ್ಪಾಗಿಯೇ ತೋರುತ್ತದೆ. ಶಬ್ದವೂ ಒಮ್ಮೊಮ್ಮೆ ವಂಚಿಸುತ್ತದೆ: ಅದು ಸೆಕೆಂಡಿಗೆ ಸುಮಾರು 340 ಮೀಟರು ಮಾತ್ರ ಸಾಗುವುದರಿಂದ, ಹತ್ತು ಕಿಲೋಮೀಟರು ಎತ್ತರದ ವಿಮಾನದ ಮೊರೆತ ನಮ್ಮ ಕಿವಿಗೆ ಮುಟ್ಟಲು ಅರ್ಧ ನಿಮಿಷ ಹಿಡಿಯುತ್ತದೆ, ಅಷ್ಟರಲ್ಲಿ ವಿಮಾನವು ಏಳೆಂಟು ಕಿಲೋಮೀಟರು ಮುಂದೆ ಹೋಗಿರುತ್ತದೆ. ಆದಕಾರಣ ಸದ್ದು ಬಂದ ದಿಕ್ಕಿಗಿಂತ ಬಹಳ ಮುಂದಕ್ಕೆ ದೃಷ್ಟಿ ಹಾಯಿಸತಕ್ಕದ್ದು.

ಬೀದರಿನಲ್ಲಿ ಬಹುಕಾಲ ಹಾರಿದ ಕಿರಣ್‌ನಲ್ಲಿ ಗುರುಶಿಷ್ಯರಿಬ್ಬರೂ ಅಕ್ಕಪಕ್ಕದಲ್ಲಿ ಕುಳಿತುಕೊಳ್ಳುವುದರಿಂದ ಅದರ ಮುಂಭಾಗ ಅಗಲವೂ ದುಂಡಗೂ ಆಗಿದ್ದು, ರೆಕ್ಕೆ ಹೆಚ್ಚುಕಡಿಮೆ ನೇರವಾಗಿದೆ. 2008ರಲ್ಲಿ ಬಂದ ಹಾಕ್‌ನಲ್ಲಿ ಶಿಷ್ಯನು ಮುಂದೆ, ಗುರುವು ಅವನ ಹಿಂದೆ ತುಸು ಎತ್ತರದಲ್ಲಿ ಕುಳಿತಿರುವುದರಿಂದ ಒಡಲು ಸಪೂರವಾಗಿ, ಬೆನ್ನು ಏರಿದಂತಾಗಿದೆ; ರೆಕ್ಕೆ ಹಿಂದಕ್ಕೆ ಬಾಗಿದೆ. ಬೀದರಿನಲ್ಲಿಯೇ 1996ರಲ್ಲಿ ಹುಟ್ಟಿದ ಸೂರ್ಯಕಿರಣ ವೈಮಾನಿಕ ಕಸರತ್ತಿನ ತಂಡವು 2011ರವರೆಗೆ ಕಿರಣ್ ವಿಮಾನಗಳಲ್ಲಿ ಹಾರಿ, ಅನಂತರ ಹಾಕ್‌ಗಳಲ್ಲಿ ಪುನರ್ಜನ್ಮ ಪಡೆಯಿತು. ಕೆಂಪುಬಿಳಿಯ ಒಂಬತ್ತು ವಿಮಾನಗಳು ರೆಕ್ಕೆಗೆ ರೆಕ್ಕೆ ತಾಗುವಷ್ಟು ಹತ್ತಿರ ಹಾರುವುದನ್ನು ಕಂಡವನಿಗೆ ಬೇರೆ ಪುರಾವೆ ಬೇಕಾಗದು.

ತೇಜಸ್ ಮತ್ತು ಮಿರಾಜ್-2000 ಎರಡಕ್ಕೂ ತ್ರಿಕೋನ ರೆಕ್ಕೆ, ಎರಡಕ್ಕೂ ಅಡ್ಡಬಾಲವಿಲ್ಲ. ಮಿರಾಜಿನ ರೆಕ್ಕೆಯ ಮುಂದಿನ ಅಂಚು ಒಂದೇ ನೇರಗೆರೆಯಾಗಿ ಸಾಗಿದರೆ, ತೇಜಸಿನದು ನಡುವೆ ಮುರಿದು ಕೋನ ಬದಲಿಸುತ್ತದೆ. ರಫೇಲ್ ಕೂಡ ತ್ರಿಕೋನದ್ದೇ ಆದರೂ ಅದರ ಮೂತಿಯ ಹಿಂದೆ ಎರಡು ಕಿರುರೆಕ್ಕೆಗಳುಂಟು. ಸುಖೋಯ್-30ಕ್ಕೂ ಆ ಕಿರುರೆಕ್ಕೆಗಳಿವೆ. ಆದರೆ ಅದಕ್ಕೆ ನೆಟ್ಟನೆಯ ಬಾಲಗಳು ಎರಡು. ಸಾಗಣೆ ವಿಮಾನಗಳಲ್ಲಿ ಎಎನ್-32ರ ಪ್ರೊಪೆಲ್ಲರ್ ಇಂಜಿನ್‌ಗಳು ರೆಕ್ಕೆಯ ಮೇಲ್ಬದಿಗೆ ಏರಿ ಕುಳಿತಿರುವುದರಿಂದ ಒಮ್ಮೆ ಕಂಡವನು ಮರೆಯಲಾರ. ಹೆಲಿಕಾಪ್ಟರುಗಳಲ್ಲಿ ಅಲಗುಗಳ ಸಂಖ್ಯೆಯೇ ಮುಖ್ಯ: ಚೇತಕ್‌ಗೆ ಮೂರು, ಧ್ರುವ್‌ಗೆ ನಾಲ್ಕು, ಎಂಐ-17ಕ್ಕೆ ಐದು. ಕೆಳಗೆ ಹಾರಿದಾಗ ಕೇಸರಿ ಹೊರವರ್ತುಲ, ಬಿಳಿ ನಡುವರ್ತುಲ, ಹಸಿರು ಕೇಂದ್ರದ ವಾಯುಪಡೆಯ ಲಾಂಛನವೂ ಕಾಣಬಹುದು.

ಯಂತ್ರಗಳು ಇಷ್ಟು ಮುಂದುವರಿದ ಮೇಲೆಯೂ ಈ ವಿದ್ಯೆ ಅನಾವಶ್ಯಕವಾಗಿಲ್ಲ. 2019ರ ಫೆಬ್ರವರಿ 27ರಂದು ಕಾಶ್ಮೀರದ ಬಡಗಾಂನಲ್ಲಿ ಗುರುತು ತಪ್ಪಿ ಭಾರತದ್ದೇ ಕ್ಷಿಪಣಿಯು ಭಾರತದ್ದೇ ಎಂಐ-17 ಹೆಲಿಕಾಪ್ಟರನ್ನು ಕೆಡವಿದ್ದರಿಂದ, ಅದರಲ್ಲಿದ್ದ ಆರು ಮಂದಿ ಯೋಧರೂ ನೆಲದಲ್ಲಿದ್ದ ನಾಗರಿಕನೊಬ್ಬನೂ ಮಡಿದರು. ಸಂಶಯವಿದ್ದಲ್ಲಿ ಹೆಸರು ಹೇಳದೆ, ಕಂಡಷ್ಟನ್ನು ಮಾತ್ರ ಹೇಳಿ ನಿಲ್ಲಿಸುವ ಸಂಯಮವೇ ಈ ವಿದ್ಯೆಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಹತ್ತು ಹೆಸರು ಬಲ್ಲ ಆತುರಗಾರನಿಗಿಂತ ಮೂರು ಆಕೃತಿಗಳನ್ನು ಖಚಿತವಾಗಿ ಬಲ್ಲವನು ಮೇಲು.

ಈಚೆಗೆ ಮಾನವರಹಿತ ವಿಮಾನಗಳೂ ಈ ಆಕಾಶಕ್ಕೆ ಬಂದಿವೆ. 2017ರಲ್ಲಿ ಆರಂಭವಾದ ಚಳ್ಳಕೆರೆಯ ಪರೀಕ್ಷಾ ನೆಲೆಯು ಸಿಂಧನೂರಿನಿಂದ ದಕ್ಷಿಣಕ್ಕೆ ಸುಮಾರು 160 ಕಿಲೋಮೀಟರು ದೂರದಲ್ಲಿದೆ. ಉದ್ದವಾದ ನೇರ ರೆಕ್ಕೆಯೂ ಎರಡು ಪ್ರೊಪೆಲ್ಲರುಗಳೂ ಅಲ್ಲಿಯ ತಪಸ್ ವಿಮಾನದ ಗುರುತು. ರುಸ್ತುಂ-2 ಎಂಬ ಹೆಸರಿನಲ್ಲಿದ್ದ ಇದೇ ಮಾದರಿಯ ವಿಮಾನವು 2019ರ ಸೆಪ್ಟೆಂಬರ್ 17ರಂದು ಚಿತ್ರದುರ್ಗ ಜಿಲ್ಲೆಯ ಜೋಡಿಚಿಕ್ಕೇನಹಳ್ಳಿಯ ಬಳಿ ಬಿದ್ದಾಗ ನೋಡಲು ಜನ ನೆರೆದರು. ಬಿದ್ದ ವಿಮಾನದಲ್ಲಿ ಇಂಧನವೂ ಸಿಡಿಯಬಹುದಾದ ಭಾಗಗಳೂ ಇರುತ್ತವೆ. ಆದ್ದರಿಂದ ಯಾರೂ ಅದರ ಸಮೀಪ ಹೋಗಬಾರದು, ಚೂರನ್ನೂ ಮುಟ್ಟಬಾರದು, ದೂರದಲ್ಲಿಯೇ ನಿಂತು 112ಕ್ಕೆ ಕರೆಮಾಡಿ ತಿಳಿಸಬೇಕು.